ಡಿವಿಡಿ ಸಾಕಾ, ಬ್ಲೂ-ರೇ ಬೇಕಾ? ಮೊದಲು ಅಳತೆ ಟೇಪ್ ತನ್ನಿ

ನಮ್ಮ ಹಾಲ್‌ನಲ್ಲಿ ಒಂದು ಶೋಕೇಸ್ ಇದೆ. ಮೇಲಿನ ಸಾಲಲ್ಲಿ ಚನ್ನಪಟ್ಟಣದ ಗೊಂಬೆ, ತಂಗಿಗೆ ಸ್ಕೂಲಲ್ಲಿ ಬಂದ ಶೀಲ್ಡು. ಕೆಳಗಿನ ಮೂರು ಸಾಲು ಪೂರ್ತಿ ಡಿವಿಡಿ. ಇನ್ನೂರರ ಹತ್ತಿರ ಇರಬಹುದು, ಎಣಿಸೋಕೆ ಹೋಗಿಲ್ಲ. ಹಳೆಯ ಡಬ್ಬಾ ಟಿವಿ ಹೋಗಿ 55 ಇಂಚಿನ ಹೊಸ 4ಕೆ ಟಿವಿ ಗೋಡೆ ಏರಿದ ದಿನ, ನನಗೆ ತುಂಬಾ ಇಷ್ಟದ ಒಂದು ಡಿವಿಡಿಯಿಂದಲೇ ಬೋಣಿ ಮಾಡೋಣ ಅಂತ ಹಾಕಿದೆ. ಮುಖಗಳೆಲ್ಲ ಮೇಣದ ಬೊಂಬೆ ಥರ. ಸಬ್‌ಟೈಟಲ್ ಅಕ್ಷರಗಳ ಅಂಚಿನಲ್ಲಿ ಗರಗಸದ ಹಲ್ಲು. ದೂರದ ಮರದ ಎಲೆಗಳೆಲ್ಲ ಸೇರಿ ಒಂದು ಹಸಿರು ಗೊಜ್ಜು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, "ಇಷ್ಟು ದುಡ್ಡು ಕೊಟ್ಟು ಮಬ್ಬು ಟಿವಿ ತಂದ್ಯಲ್ಲೋ" ಅಂದರು.

ಆಮೇಲೆ ಶುರುವಾಯಿತು ಸಲಹೆ. ಒಬ್ಬ ಗೆಳೆಯ "ಡಿವಿಡಿ ಎಲ್ಲ ಗುಜರಿಗೆ ಹಾಕು, ಬ್ಲೂ-ರೇ ತಗೋ, ಆಗ ಗೊತ್ತಾಗುತ್ತೆ" ಅಂದ. ಬ್ಲೂ-ರೇ ಅಂದರೆ ನೋಡೋಕೆ ಡಿವಿಡಿ ಥರವೇ ಇರುವ, ಆದರೆ ಹೆಚ್ಚು ವಿವರ ಹಿಡಿಯುವ ಡಿಸ್ಕ್. ಸೋದರಮಾವ ಮನೆಯಲ್ಲಿ ಬ್ಲೂ-ರೇ ಪ್ಲೇಯರ್ ಇಟ್ಟುಕೊಂಡೇ "ಏನೂ ವ್ಯತ್ಯಾಸ ಇಲ್ಲ ಕಣೋ, ಎಲ್ಲಾ ವ್ಯಾಪಾರ" ಅಂದರು. ಇಬ್ಬರೂ ಸುಮ್ಸುಮ್ನೆ ಮಾತಾಡುವವರಲ್ಲ. ಹಾಗಾಗಿ ಇಬ್ಬರ ಮನೆಗೂ ಹೋಗಿ ಕೂತು ನೋಡಿಬಂದೆ. ಗೆಳೆಯನ ಮನೆಯಲ್ಲಿ ನನ್ನ ಹಾಗೇ 55 ಇಂಚಿನ ಟಿವಿ, ಸೋಫಾ ಇರುವುದು ಆರೂವರೆ ಅಡಿ ದೂರದಲ್ಲಿ. ಮಾವನದು ಉದ್ದನೆಯ ಹಳೇ ಪಡಸಾಲೆ. 32 ಇಂಚಿನ ಟಿವಿ ಆ ಗೋಡೆಗೆ, ಈಸಿಚೇರು ಈ ಗೋಡೆಗೆ, ನಡುವೆ ಹನ್ನೆರಡು ಅಡಿ. ಇಬ್ಬರೂ ತಾವು ಕಂಡದ್ದನ್ನೇ ಹೇಳಿದ್ದರು.

ಅಂದರೆ "ಬ್ಲೂ-ರೇ ಚೆನ್ನಾಗಿ ಕಾಣುತ್ತಾ" ಅನ್ನುವ ಪ್ರಶ್ನೆಗೆ ಉತ್ತರ ಡಿಸ್ಕ್‌ನಲ್ಲಿ ಅರ್ಧ ಇದೆ, ನಿಮ್ಮ ಮನೆಯಲ್ಲಿ ಅರ್ಧ ಇದೆ. ಮೊದಲು ಡಿಸ್ಕ್ ನೋಡೋಣ.

ಲಕ್ಷದ ಲೆಕ್ಕ

ಪ್ಯಾಲ್ ಅನ್ನುವುದು ನಮ್ಮ ಕಡೆಯ ಟಿವಿ ಪದ್ಧತಿ. ನಮ್ಮ ಪ್ಯಾಲ್ ಡಿವಿಡಿಯಲ್ಲಿ ಒಂದು ಚಿತ್ರ ಅಂದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ (ಪಿಕ್ಸೆಲ್). ಗುಣಿಸಿದರೆ 4.15 ಲಕ್ಷ ಚುಕ್ಕೆಯ ಹತ್ತಿರ. ಬ್ಲೂ-ರೇಯಲ್ಲಿ 1920ಕ್ಕೆ 1080, ಅಂದರೆ 20.7 ಲಕ್ಷ. ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ, ಸರಿಯಾಗಿ ಐದು ಪಟ್ಟು, ಒಂದು ಚುಕ್ಕೆ ಹೆಚ್ಚಿಲ್ಲ ಕಮ್ಮಿಯಿಲ್ಲ. 4ಕೆ ಡಿಸ್ಕ್ ಆದರೆ 83 ಲಕ್ಷ, ಅಂದರೆ ಇಪ್ಪತ್ತು ಪಟ್ಟು. ಅಮೆರಿಕದ ಕಡೆಯ ಎನ್‌ಟಿಎಸ್‌ಸಿ ಡಿವಿಡಿಯಲ್ಲಿ 480 ಸಾಲು ಮಾತ್ರ, ಅದಿನ್ನೂ ಕಮ್ಮಿ. ನಮ್ಮ ಅಂಗಡಿಗಳಲ್ಲೂ ಆ ಥರದ ಡಿಸ್ಕ್ ಸಿಗುತ್ತಿದ್ದವು, ಕವರ್ ಹಿಂದೆ ಬರೆದಿರುತ್ತದೆ.

ಇದು ಸಾಧ್ಯವಾಗಿದ್ದು ಬೆಳಕಿನಿಂದ. ಡಿವಿಡಿ ಓದುವುದು 650 ನ್ಯಾನೋಮೀಟರ್‌ನ ಕೆಂಪು ಲೇಸರ್, ಬ್ಲೂ-ರೇ ಓದುವುದು 405 ನ್ಯಾನೋಮೀಟರ್‌ನ ನೀಲಿ-ನೇರಳೆ ಲೇಸರ್. ಹೆಸರೂ ಅಲ್ಲಿಂದಲೇ ಬಂತು. ಪೆನ್ನಿನ ಮೊನೆ ಸಣ್ಣಗಾದರೆ ಅದೇ ಹಾಳೆಯಲ್ಲಿ ಜಾಸ್ತಿ ಬರೆಯಬಹುದು ಅಲ್ವಾ, ಹಾಗೆ. ಡಿವಿಡಿಯಲ್ಲಿ ಒಂದು ಪದರಕ್ಕೆ 4.7 ಜಿಬಿ, ಎರಡು ಪದರಕ್ಕೆ 8.5 ಜಿಬಿ ಹಿಡಿಸುತ್ತದೆ. ಬ್ಲೂ-ರೇಯಲ್ಲಿ 25 ಮತ್ತು 50.

ಚುಕ್ಕೆಗಳ ಸಂಖ್ಯೆಗಿಂತ ಈ ಜಾಗದ ವಿಷಯ ಮುಖ್ಯ ಅಂತ ನನಗನ್ನಿಸುತ್ತದೆ. ಡಿವಿಡಿಯ ಚಿತ್ರಕ್ಕೆ ಸೆಕೆಂಡಿಗೆ ಜಾಸ್ತಿ ಅಂದರೆ 9.8 ಮೆಗಾಬಿಟ್ ಮಾಹಿತಿ ಕೊಡಬಹುದು, ಅದೂ ಎಂಪೆಗ್-2 ಅನ್ನುವ ಹಳೆಯ ಪದ್ಧತಿಯಲ್ಲಿ ಹಿಂಡಿ, ಅಂದರೆ ಕಂಪ್ರೆಸ್ ಮಾಡಿ. ಬ್ಲೂ-ರೇಯಲ್ಲಿ 40ರವರೆಗೆ ಕೊಡಬಹುದು, ಹಿಂಡುವ ಪದ್ಧತಿಯೂ ಜಾಣ. ಮುಖ ಹತ್ತಿರ ತೋರಿಸಿ ಇಬ್ಬರು ಮಾತಾಡುವ ದೃಶ್ಯದಲ್ಲಿ ಇದರ ವ್ಯತ್ಯಾಸ ಅಷ್ಟು ತಿಳಿಯುವುದಿಲ್ಲ. ಮಳೆ ಬರಲಿ, ಹೊಗೆ ಏಳಲಿ, ಜಾತ್ರೆಯಲ್ಲಿ ಜನ ಓಡಲಿ, ರಾತ್ರಿ ಲಾಟೀನು ಹಿಡಿದು ಯಾರೋ ನಡೆಯಲಿ, ಆಗ ಡಿವಿಡಿ ಏದುಸಿರು ಬಿಡುತ್ತದೆ. ಕತ್ತಲಿನ ಮೂಲೆಯಲ್ಲಿ ಚೌಕ ಚೌಕ ಕಲೆಗಳು, ಮಳೆಹನಿಯ ಸುತ್ತ ಸೊಳ್ಳೆ ಮುತ್ತಿದ ಹಾಗೆ ಮಿಣಮಿಣ. ಮಳೆ ಹಾಡಿಲ್ಲದ ಸಿನಿಮಾ ನಮ್ಮಲ್ಲಿ ಎಷ್ಟಿವೆ ಹೇಳಿ.

ನಾಲ್ಕರಿಂದ ಭಾಗಿಸಿ, ಎಂಟರಿಂದ ಭಾಗಿಸಿ

ಈಗ ಮನೆಯ ಲೆಕ್ಕ. ಒಳ್ಳೆಯ ಕಣ್ಣು ಗುರುತಿಸಬಲ್ಲ ಅತಿ ಸಣ್ಣ ವಿವರ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಕಣ್ಣಿನ ಡಾಕ್ಟರ ಚಾರ್ಟ್‌ನಲ್ಲಿ 6/6 ಅನ್ನುವುದೂ ಇದೇ ಅಳತೆ. ಟಿವಿಯ ಒಂದು ಚುಕ್ಕೆ ನೀವು ಕೂತ ಜಾಗದಿಂದ ಇದಕ್ಕಿಂತ ಸಣ್ಣಗೆ ಕಂಡರೆ, ಆ ಚುಕ್ಕೆಯನ್ನು ಇನ್ನೂ ಒಡೆದು ನಾಲ್ಕು ಮಾಡಿದರೂ ನಿಮಗೆ ತಿಳಿಯುವುದಿಲ್ಲ. ತ್ರಿಕೋನಮಿತಿ ಎಲ್ಲ ಬೇಡ, ನಾನು ಲೆಕ್ಕ ಹಾಕಿ ಸುಲಭ ಮಾಡಿಕೊಂಡ ಸೂತ್ರ ಹೇಳುತ್ತೇನೆ. ಟಿವಿ ಎಷ್ಟು ಇಂಚೋ ಅದನ್ನು 4ರಿಂದ ಭಾಗಿಸಿ. ಬಂದದ್ದನ್ನು ಅಡಿ ಅಂದುಕೊಳ್ಳಿ. ಅದಕ್ಕಿಂತ ದೂರ ಕೂತರೆ ಡಿವಿಡಿಯ ಚುಕ್ಕೆಯೇ ಕಣ್ಣಿಗೆ ಸಿಗುವುದಿಲ್ಲ, ಇನ್ನು ಬ್ಲೂ-ರೇ ತಂದು ಏನು ಮಾಡುತ್ತೀರಿ. ಅದೇ ಇಂಚನ್ನು 8ರಿಂದ ಭಾಗಿಸಿ. ಅಷ್ಟು ಅಡಿ ಹತ್ತಿರ ಕೂತರೆ ಬ್ಲೂ-ರೇಯಲ್ಲಿರುವುದೆಲ್ಲ ಪೂರ್ತಿ ಸಿಗುತ್ತದೆ. ನಡುವೆ ಕೂತರೆ ನಡುವಿನ ಫಲ.

ಮಾವನ 32 ಇಂಚಿಗೆ ಹಾಕಿ ನೋಡಿ. ನಾಲ್ಕರಿಂದ ಭಾಗಿಸಿದರೆ 8 ಅಡಿ. ಅವರು ಕೂರುವುದು 12 ಅಡಿಯಲ್ಲಿ. ವ್ಯತ್ಯಾಸ ಕಾಣಬೇಕಾದರೆ ಹದ್ದಿನ ಕಣ್ಣು ಬೇಕು. ಗೆಳೆಯನ 55 ಇಂಚನ್ನು ಎಂಟರಿಂದ ಭಾಗಿಸಿದರೆ 7 ಅಡಿ ಚಿಲ್ಲರೆ ಕಮ್ಮಿ, ಅವನು ಕೂರುವುದು ಆರೂವರೆ. ಅವನಿಗೆ ಪೂರ್ತಿ ಲಾಭ. 43 ಇಂಚಿನ ಟಿವಿ, ಎಂಟು ಅಡಿ ದೂರ, ಇದು ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲಾಟುಗಳಲ್ಲಿ ಸಾಮಾನ್ಯ. ಅಲ್ಲಿ ಮಿತಿಗಳು ಐದೂವರೆ ಮತ್ತು ಹನ್ನೊಂದು ಅಡಿಯ ಹತ್ತಿರ, ಹಾಗಾಗಿ ವ್ಯತ್ಯಾಸ ಕಾಣುತ್ತದೆ, ಬಾಯಿ ಬಿಡುವ ಹಾಗೆ ಕಾಣುವುದಿಲ್ಲ. 4ಕೆಗೆ 16ರಿಂದ ಭಾಗಿಸಬೇಕು. 55 ಇಂಚಿಗೆ ಮೂರೂವರೆ ಅಡಿ! ಅಷ್ಟು ಹತ್ತಿರ ಕೂತರೆ ಅಮ್ಮ ಬೈಯುತ್ತಾರೆ.

ಒಂದು ಎಚ್ಚರಿಕೆ. ಇದು ಬರೀ ಚುಕ್ಕೆಯ ಲೆಕ್ಕ. ಚೌಕದ ಕಲೆ, ಮಿಣಮಿಣ, ಆಕಾಶದಲ್ಲಿ ಬಣ್ಣ ಪಟ್ಟೆ ಪಟ್ಟೆಯಾಗಿ ಒಡೆಯುವುದು, ಇವೆಲ್ಲ ಚುಕ್ಕೆಗಿಂತ ದೊಡ್ಡವು, ಇನ್ನೂ ದೂರದಿಂದಲೂ ಕಾಣುತ್ತವೆ. ಹಾಗಾಗಿ ನಾಲ್ಕರಿಂದ ಭಾಗಿಸಿದ ಗೆರೆಯನ್ನು ಸ್ವಲ್ಪ ಸಡಿಲ ಇಟ್ಟುಕೊಳ್ಳಿ.

ನಂಬಿಕೆ ಬಾರದೆ ಮನೆಯಲ್ಲಿ ಪರೀಕ್ಷೆ ಮಾಡಿದೆ. ಗೆಳೆಯನಿಂದ ಒಂದು ಹಿಂದಿ ಸಿನಿಮಾದ ಬ್ಲೂ-ರೇ ಮತ್ತು ಅವನ ಪ್ಲೇಯರ್ ತಂದೆ. ಅದೇ ಸಿನಿಮಾದ ಡಿವಿಡಿ ನನ್ನ ಹತ್ತಿರ ಇತ್ತು. ಮದುವೆ ಮನೆಯ ಒಂದೇ ದೃಶ್ಯವನ್ನು ಎರಡರಲ್ಲೂ ನಿಲ್ಲಿಸಿ, ಯಾವುದು ಯಾವುದು ಅಂತ ಹೇಳದೆ ಅಮ್ಮನಿಗೆ ತೋರಿಸಿದೆ. ಮೊದಲು ಅವರು ಊಟದ ಟೇಬಲ್ ಹತ್ತಿರ ಕೂತಿದ್ದರು, ಟಿವಿಯಿಂದ ಹದಿನಾಲ್ಕು ಅಡಿ. "ಎರಡೂ ಒಂದೇ, ಯಾಕೆ ನನ್ನ ಪ್ರಾಣ ತಿಂತೀಯ" ಅಂದರು. ದಿವಾನದ ಮೇಲೆ ಕೂರಿಸಿದೆ, ಏಳು ಅಡಿ. ಕನ್ನಡಕ ಹಾಕಿಕೊಂಡು ಎರಡನೆಯದನ್ನು ನೋಡಿದ ಕೂಡಲೇ, "ಓ, ಇದರಲ್ಲಿ ಸೆರಗಿನ ಜರಿ ಎಳೆ ಎಳೆ ಕಾಣ್ತಿದೆ, ಆ ಹೆಂಗಸಿನ ಮೂಗುಬಟ್ಟಿನ ಹರಳೂ ಕಾಣ್ತಿದೆ" ಅಂದರು. ಅದು ಬ್ಲೂ-ರೇ. ಜರಿ ನೋಡುವುದರಲ್ಲಿ ನಮ್ಮಮ್ಮನ ಕಣ್ಣನ್ನು ಯಾವ ಚಾರ್ಟೂ ಅಳೆಯಲಾರದು.

ಹಳೆಯ ಡಬ್ಬಾ ಟಿವಿಯಲ್ಲಿ ಚೆನ್ನಾಗಿತ್ತಲ್ಲ?

ಇದು ಎಲ್ಲರ ದೂರು, ನಿಜವೂ ಹೌದು. ಡಬ್ಬಾ ಟಿವಿಗೆ ಗಟ್ಟಿಯಾದ ಚುಕ್ಕೆಗಳ ಜಾಲವಿಲ್ಲ. ಎಲೆಕ್ಟ್ರಾನ್ ಕಿರಣ ಸಾಲು ಸಾಲಾಗಿ ಗೀಚಿಕೊಂಡು ಹೋಗುತ್ತದೆ, ನಮ್ಮ ಪ್ಯಾಲ್ ಟಿವಿಯಲ್ಲಿ ಚಿತ್ರಕ್ಕೆ 576 ಸಾಲು. ಡಿವಿಡಿಯಲ್ಲಿರುವುದೂ 576. ಕಾಲಿಗೆ ತಕ್ಕ ಚಪ್ಪಲಿ. ಜೊತೆಗೆ ಆ ಕಿರಣದ ಅಂಚು ಮೃದು, ಹಾಗಾಗಿ ತಪ್ಪೆಲ್ಲ ಕರಗಿಹೋಗುತ್ತಿತ್ತು. ಟಿವಿಯೂ 21 ಇಂಚು, ಹೆಚ್ಚೆಂದರೆ 29.

ಹೊಸ ಟಿವಿಯಲ್ಲಿ ಚುಕ್ಕೆಗಳು ಹೊಲದ ಗುಣಿಗಳ ಹಾಗೆ ಮೊದಲೇ ತೋಡಿಟ್ಟದ್ದು. ಎಲ್ಲವನ್ನೂ ತುಂಬಲೇಬೇಕು. 4ಕೆ ಟಿವಿಯಲ್ಲಿ ಡಿವಿಡಿ ಹಾಕಿದರೆ ಇಪ್ಪತ್ತು ಚುಕ್ಕೆಯಲ್ಲಿ ಒಂದು ಅಸಲಿ, ಹತ್ತೊಂಬತ್ತು ಟಿವಿಯ ಊಹೆ. ಊಹೆ ಮಾಡುವ ಚಿಪ್ ಒಳ್ಳೆಯದಿದ್ದರೆ ಬಚಾವು. ಅಗ್ಗದ ಟಿವಿಯಲ್ಲಿ ಆ ಚಿಪ್‌ನಲ್ಲೇ ದುಡ್ಡು ಉಳಿಸಿರುತ್ತಾರೆ.

ಆದರೆ ನನ್ನ ಮೇಣದ ಬೊಂಬೆಗಳಿಗೆ ಅರ್ಧ ಕಾರಣ ನಾನೇ. ಟಿವಿ ಅಂಗಡಿಯಿಂದ ಬಂದಾಗ "ವಿವಿಡ್" ಅನ್ನುವ ಮೋಡ್‌ನಲ್ಲಿತ್ತು. ಶಾರ್ಪ್‌ನೆಸ್ ಮೇಲಕ್ಕೆ, ನಾಯ್ಸ್ ರಿಡಕ್ಷನ್ ಆನ್, ಮೋಷನ್ ಸ್ಮೂದಿಂಗ್ ಕೂಡ ಆನ್. ಮೊದಲೇ ವಿವರ ಕಮ್ಮಿ ಇರುವ ಚಿತ್ರವನ್ನು ಒರೆಸಿ, ಆಮೇಲೆ ಅಂಚನ್ನು ತೀಡಿ, ಎರಡು ಫ್ರೇಮಿನ ನಡುವೆ ಇನ್ನೊಂದನ್ನು ತಾನೇ ಹೊಸೆದು ಸೇರಿಸಿದರೆ ಮನುಷ್ಯರು ಮನುಷ್ಯರಾಗಿ ಹೇಗೆ ಕಾಣಬೇಕು. "ಸಿನಿಮಾ" ಅಥವಾ "ಫಿಲ್ಮ್‌ಮೇಕರ್" ಮೋಡ್‌ಗೆ ಹಾಕಿ ಅವೆಲ್ಲ ಆಫ್ ಮಾಡಿದ ಮೇಲೆ ಅದೇ ಡಿವಿಡಿ ಎಷ್ಟೋ ವಾಸಿಯಾಯಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಬ್ಲೂ-ರೇ ಕೊಳ್ಳುವ ಮೊದಲು ಇದನ್ನು ಮಾಡಿ, ದಯವಿಟ್ಟು.

ಹಳದಿ ವೈರ್

ಮಾವನ ಮನೆಯ ಕಥೆ ಮುಗಿದಿಲ್ಲ. ಟಿವಿ ಹಿಂದೆ ಕೈ ಹಾಕಿ ನೋಡಿದರೆ, ಬ್ಲೂ-ರೇ ಪ್ಲೇಯರ್‌ನಿಂದ ಟಿವಿಗೆ ಹೋಗಿದ್ದು ಹಳದಿ-ಕೆಂಪು-ಬಿಳಿ ಪಿನ್ನಿನ ಹಳೇ ವೈರ್. ಹಳೆಯ ಡಿವಿಡಿ ಪ್ಲೇಯರ್ ತೆಗೆದು ಅದೇ ವೈರನ್ನು ಇದಕ್ಕೆ ಚುಚ್ಚಿದ್ದಾರೆ. ಹಳದಿ ಪಿನ್ನಿನಲ್ಲಿ ಡಿವಿಡಿ ಮಟ್ಟಕ್ಕಿಂತ ಹೆಚ್ಚಿನ ಚಿತ್ರ ಹೋಗುವುದೇ ಇಲ್ಲ, ಅದರಲ್ಲೂ ಬಣ್ಣ ಮತ್ತು ಬೆಳಕು ಎರಡನ್ನೂ ಒಂದೇ ತಂತಿಯಲ್ಲಿ ಕಲಸಿ ಕಳಿಸುತ್ತದೆ. ಅಂದರೆ ಇಷ್ಟು ವರ್ಷ ಅವರು ಬ್ಲೂ-ರೇ ಡಿಸ್ಕ್ ಹಾಕಿ, ಡಿವಿಡಿಗಿಂತ ಕಡೆಯಾಗಿ ನೋಡಿದ್ದಾರೆ! ಹನ್ನೆರಡು ಅಡಿ ದೂರದ ತಪ್ಪಿನ ಮೇಲೆ ಇದೊಂದು. "ವ್ಯತ್ಯಾಸ ಇಲ್ಲ" ಅನ್ನದೆ ಇನ್ನೇನು ಅಂದಾರು.

ಎಚ್‌ಡಿಎಂಐ ವೈರ್ ಹಾಕಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ವೈರ್ ಸಾಕು. ಅದರಲ್ಲಿ ಹೋಗುವುದು ಅಂಕಿ, ಚಿನ್ನದ ಲೇಪ ಇದ್ದರೆ ಅಂಕಿ ಹೊಳೆಯುವುದಿಲ್ಲ. ಸೆಕೆಂಡ್‌ಹ್ಯಾಂಡ್ ಪ್ಲೇಯರ್ ಕೊಳ್ಳುವವರಿಗೆ ಇನ್ನೊಂದು ಮಾತು. ಕೆಂಪು-ಹಸಿರು-ನೀಲಿ ಮೂರು ಪಿನ್ನಿನ ಕಾಂಪೊನೆಂಟ್ ಕಿಂಡಿಯಲ್ಲಿ ಹೈ ಡೆಫಿನಿಷನ್ ಬರುತ್ತಿದ್ದುದು ಹಳೆಯ ಬ್ಲೂ-ರೇ ಪ್ಲೇಯರ್‌ಗಳಲ್ಲಿ ಮಾತ್ರ. 2010ರ ನಂತರ ಕಾಪಿ ತಡೆಯುವ ನಿಯಮದ ಪ್ರಕಾರ ಹೊಸ ಪ್ಲೇಯರ್‌ಗಳಲ್ಲಿ ಅದನ್ನು ಡಿವಿಡಿ ಮಟ್ಟಕ್ಕೆ ಇಳಿಸಿದರು, 2013ರ ನಂತರದವುಗಳಲ್ಲಿ ಅನಲಾಗ್ ವಿಡಿಯೋ ಕಿಂಡಿಯನ್ನೇ ತೆಗೆದರು. ಹಾಗಾಗಿ ಎಚ್‌ಡಿಎಂಐ ಇಲ್ಲದ ಹಳೆಯ ಟಿವಿಗೆ ಬ್ಲೂ-ರೇ ತರುವ ಯೋಚನೆ ಬಿಡಿ.

ಡಿಸ್ಕ್ ಮೇಲೆ ಬ್ಲೂ-ರೇ ಅಂತ ಬರೆದರೆ ಸಾಕಾ

ಸಾಲದು. ಒಳಗೆ ಏನು ತುಂಬಿದ್ದಾರೆ ಅನ್ನುವುದರ ಮೇಲೆ ಎಲ್ಲ. 35 ಎಂಎಂ ಫಿಲ್ಮ್‌ನ ಒಳ್ಳೆಯ ನೆಗೆಟಿವ್‌ನಲ್ಲಿ ಬ್ಲೂ-ರೇ ಹಿಡಿಯುವುದಕ್ಕಿಂತ ಜಾಸ್ತಿ ವಿವರ ಇರುತ್ತದೆ. ಅದಕ್ಕೇ ಐವತ್ತು ಅರವತ್ತು ವರ್ಷದ ಹಳೆಯ ಕಪ್ಪು-ಬಿಳುಪು ಸಿನಿಮಾ ಕೂಡ ಸರಿಯಾಗಿ ಸ್ಕ್ಯಾನ್ ಮಾಡಿದರೆ ಬೆರಗಾಗುವ ಹಾಗೆ ಕಾಣುತ್ತದೆ. ಸತ್ಯಜಿತ್ ರೇ ಅವರ ಅಪು ಚಿತ್ರಗಳ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್‌ನ ಬೆಂಕಿಯಲ್ಲಿ ಸಿಕ್ಕಿದ್ದವು. ಆ ಸುಟ್ಟ ಫಿಲ್ಮ್‌ಗಳನ್ನು ಇಟಲಿಯ ಬೊಲೊನ್ಯಾದ ಲ್ಯಾಬಿನಲ್ಲಿ ಉಪಚಾರ ಮಾಡಿ, ಉಳಿದಷ್ಟನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿ, 2015ರಲ್ಲಿ ಬ್ಲೂ-ರೇ ತಂದರು. ನಮ್ಮ ಗಿರೀಶ್ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ಕೂಡ 4ಕೆಯಲ್ಲಿ ಹೊಸದಾಗಿ ಸಿದ್ಧವಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. ಸರಕು ಮೂಲದಲ್ಲಿದ್ದರೆ ಹೊರಗೆ ತರಬಹುದು.

ಮೂಲದಲ್ಲಿಯೇ ಇಲ್ಲದಿದ್ದರೆ? 2002ರ '28 ಡೇಸ್ ಲೇಟರ್' ಸಿನಿಮಾದ ಬಹುಪಾಲು ತೆಗೆದಿದ್ದು ಕೈಯಲ್ಲಿ ಹಿಡಿಯುವ ಮಿನಿ ಡಿವಿ ಕ್ಯಾಮೆರಾದಲ್ಲಿ, ಅಂದರೆ ಡಿವಿಡಿ ಮಟ್ಟದ ಚಿತ್ರ. ಅದರ ಬ್ಲೂ-ರೇ ತಂದರೆ ಸೇರಿಸೋಕೆ ಏನೂ ಇಲ್ಲ. ವಿಡಿಯೋ ಟೇಪಿನಲ್ಲಿ ತೆಗೆದ ಹಳೆಯ ಧಾರಾವಾಹಿ, ನಾಟಕ, ಮದುವೆ ಕ್ಯಾಸೆಟ್ ಎಲ್ಲಕ್ಕೂ ಇದೇ ಮಾತು. 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಅನ್ನುವ ಅಮೆರಿಕದ ಟಿವಿ ಸರಣಿ ಒಂದು ವಿಚಿತ್ರ ಕೇಸು. ಅದನ್ನು ಚಿತ್ರೀಕರಿಸಿದ್ದು ಫಿಲ್ಮಿನಲ್ಲಿ, ಎಡಿಟ್ ಮಾಡಿದ್ದು ಟೇಪಿನಲ್ಲಿ. ಹಾಗಾಗಿ ಬ್ಲೂ-ರೇಗೆ ಅಂತ ಮೂಲ ಫಿಲ್ಮ್ ಡಬ್ಬಿಗಳನ್ನೆಲ್ಲ ಹುಡುಕಿ ತೆಗೆದು, ಮತ್ತೆ ಸ್ಕ್ಯಾನ್ ಮಾಡಿ, ಪ್ರತಿ ಕಂತನ್ನೂ ಮತ್ತೊಮ್ಮೆ ಎಡಿಟ್ ಮಾಡಬೇಕಾಯಿತು. ಎಲ್ಲರೂ ಅಷ್ಟು ಕಷ್ಟ ಪಡುವುದಿಲ್ಲ. ಡಿವಿಡಿಗೆ ಮಾಡಿದ ಹಳೆಯ ಮಾಸ್ಟರನ್ನೇ ಹಿಗ್ಗಿಸಿ ಬ್ಲೂ-ರೇ ಡಬ್ಬಿಗೆ ತುಂಬಿ ಮಾರಿದವರೂ ಇದ್ದಾರೆ. ನಾನೂ ಒಮ್ಮೆ ಅಂಥದ್ದಕ್ಕೆ ದುಡ್ಡು ಕೊಟ್ಟಿದ್ದೇನೆ. ಅಂಗಡಿಯವನು ಮಾತ್ರ ಮುಖ ನೋಡಿ ನಕ್ಕ.

ಬ್ಲೂ-ರೇಯಲ್ಲಿ ಮರಳು ಉದುರಿದ ಹಾಗೆ ಕಾಳು ಕಾಳು ಕಂಡರೆ ಬೈಯಬೇಡಿ. ಅದು ಫಿಲ್ಮಿನ ಗ್ರೇನ್. ಅದನ್ನು ಕಂಪ್ಯೂಟರಿನಲ್ಲಿ ಒರೆಸಲು ಹೋದ ಕಂಪನಿಗಳು ನಟರ ಚರ್ಮದ ರಂಧ್ರವನ್ನೂ ಒರೆಸಿ, ಎಲ್ಲರಿಗೂ ಪ್ಲಾಸ್ಟಿಕ್ ಮುಖ ಕೊಟ್ಟಿವೆ.

ಕನ್ನಡದ ಡಿಸ್ಕ್‌ಗಳ ಪಾಡು

ನನ್ನ ಶೋಕೇಸಿನ ಮುಕ್ಕಾಲು ಪಾಲು ಕನ್ನಡ ಸಿನಿಮಾ. ಇವುಗಳ ಬ್ಲೂ-ರೇ ಹುಡುಕುವುದು ಬೇಸಿಗೆಯಲ್ಲಿ ಜೋಗಕ್ಕೆ ಹೋದ ಹಾಗೆ. ನಮ್ಮಲ್ಲಿ ಮೊದಲು ವಿಸಿಡಿ ಕಾಲ ಇತ್ತು, ಒಂದು ಚಿತ್ರಕ್ಕೆ ಬರೀ ಒಂದು ಲಕ್ಷ ಚುಕ್ಕೆ. ಆಮೇಲೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಅಂತ ಬೆಲೆ ಇಟ್ಟು ಮಾರುಕಟ್ಟೆಗೆ ಇಳಿದಾಗ ನಾವೆಲ್ಲ ಕಡ್ಲೆಕಾಯಿ ಕೊಂಡ ಹಾಗೆ ಕೊಂಡೆವು. ಅಲ್ಲಿಂದ ನೇರ ಮೊಬೈಲು, ಒಟಿಟಿ. ಬ್ಲೂ-ರೇ ಅನ್ನುವ ಮೆಟ್ಟಿಲನ್ನು ನಮ್ಮ ಸಿನಿಮಾ ಹೆಚ್ಚೂ ಕಮ್ಮಿ ಹಾರಿಯೇ ದಾಟಿತು.

ಹಾಗಾಗಿ ಕನ್ನಡದ ಮಟ್ಟಿಗೆ ಆಯ್ಕೆ ಒಳ್ಳೆಯ ಡಿವಿಡಿಗೂ ಕೆಟ್ಟ ಡಿವಿಡಿಗೂ ನಡುವೆ. ಅದರಲ್ಲಿರುವ ಅಂತರ ಸಣ್ಣದಲ್ಲ. ಡಬ್ಬಿ ಹಿಂದೆ "16:9" ಅಥವಾ "ಅನಾಮಾರ್ಫಿಕ್" ಅಂತ ಇದೆಯಾ ನೋಡಿ, ಅಂದರೆ ಅಗಲ ಟಿವಿಗೆ ಅಂತಲೇ ಮಾಡಿದ ಡಿಸ್ಕ್. ಸ್ಕೋಪ್ ಸಿನಿಮಾ, ಅಂದರೆ ತುಂಬಾ ಅಗಲ ಪರದೆಯದು, ಇಂಥ ಡಿಸ್ಕ್‌ನಲ್ಲಿ 576ರಲ್ಲಿ 435ರ ಹತ್ತಿರ ಸಾಲುಗಳನ್ನು ಬಳಸಿಕೊಳ್ಳುತ್ತದೆ. ಹಳೆಯ ಚೌಕ ಟಿವಿಗೆ ಅಂತ ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿಯೇ ಅಚ್ಚು ಹಾಕಿದ ಡಿಸ್ಕ್ ಆದರೆ ಚಿತ್ರಕ್ಕೆ ಉಳಿಯುವುದು 325 ಚಿಲ್ಲರೆ ಸಾಲು. ಹೊಸ ಟಿವಿಯಲ್ಲಿ ಅದು ನಾಲ್ಕೂ ಕಡೆ ಕಪ್ಪು ಚೌಕಟ್ಟಿನ ನಡುವೆ ಅಂಚೆಚೀಟಿ ಥರ ಕೂರುತ್ತದೆ, ನೀವು ಜೂಮ್ ಒತ್ತುತ್ತೀರಿ, ಗೊಜ್ಜು ಇನ್ನಷ್ಟು ತೆಳುವಾಗುತ್ತದೆ.

ಇನ್ನೊಂದು ಶತ್ರು "ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ". ಲೆಕ್ಕ ಹಾಕಿ. ಎರಡೂವರೆ ಗಂಟೆಯ ಒಂದೇ ಸಿನಿಮಾ 8.5 ಜಿಬಿಯಲ್ಲಿ ಕಾಲು ಚಾಚಿ ಮಲಗಿದರೆ ಸೆಕೆಂಡಿಗೆ ಏಳೂವರೆ ಮೆಗಾಬಿಟ್ ಸಿಗುತ್ತದೆ. ಮೂರನ್ನು ತುರುಕಿದರೆ ತಲಾ ಎರಡೂವರೆ. ಡಿಸ್ಕ್ 4.7 ಜಿಬಿಯದಾದರೆ ಒಂದೂವರೆಯೂ ಇಲ್ಲ. ಯುಗಾದಿ ರಶ್ಶಿನ ಕೆಂಪು ಬಸ್ಸು. ಅಂಥದ್ದನ್ನು ಯಾವ ಟಿವಿಯೂ ಉದ್ಧಾರ ಮಾಡಲಾರದು. ಅದಕ್ಕಿಂತ ಅದೇ ಸಿನಿಮಾ ಯೂಟ್ಯೂಬ್‌ನಲ್ಲಿ ಹಕ್ಕುದಾರರೇ ಹಾಕಿರುವುದು ಚೆನ್ನಾಗಿರುವ ಸಾಧ್ಯತೆ ಇದೆ. ಅಲ್ಲೂ 1080 ಅಂತ ಬರೆದದ್ದನ್ನೆಲ್ಲ ನಂಬಬೇಡಿ, ಮೂಲೆಯಲ್ಲಿ ಹಳೆಯ ಡಿವಿಡಿಯ ಲೋಗೋ ಕಂಡರೆ ಯಾವುದನ್ನು ಹಿಗ್ಗಿಸಿದ್ದಾರೆ ಅಂತ ಗೊತ್ತಾಯಿತಲ್ಲ.

ಪ್ಯಾಲ್ ಡಿವಿಡಿಯ ಒಂದು ತಮಾಷೆ ಹೇಳಿಬಿಡುತ್ತೇನೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಪ್ಯಾಲ್ 25. ಹಾಗಾಗಿ ಸಾಮಾನ್ಯವಾಗಿ ಸಿನಿಮಾವನ್ನು ಸ್ವಲ್ಪ ಜೋರಾಗಿ ಓಡಿಸಿಬಿಡುತ್ತಾರೆ. 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತದೆ, ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಸುಮಾರು ಮುಕ್ಕಾಲು ಅರ್ಧಸ್ವರದಷ್ಟು (ಅರ್ಧಸ್ವರ ಅಂದರೆ ಸೆಮಿಟೋನ್) ಏರುತ್ತದೆ. ಬ್ಲೂ-ರೇಯಲ್ಲಿ 24 ಫ್ರೇಮ್ ಇದ್ದ ಹಾಗೇ ಇರುತ್ತದೆ. ಕಣ್ಣಿಗಿಂತ ಕಿವಿ ಚುರುಕಿರುವವರಿಗೆ ಇದೇ ದೊಡ್ಡ ಕಾರಣ ಆಗಬಹುದು. ಬ್ಲೂ-ರೇಯ ಧ್ವನಿಯೂ ಹಿಂಡದ ಗುಣಮಟ್ಟದ್ದು ಸಿಗುತ್ತದೆ, ಆದರೆ ನೀವು ಕೇಳುವುದು ಟಿವಿಯ ಬೆನ್ನಿನಲ್ಲಿರುವ ಎರಡು ಪುಟ್ಟ ಸ್ಪೀಕರಿನಲ್ಲಾದರೆ ಆ ವಿಷಯ ಬಿಡಿ.

ಅಮೆರಿಕದಿಂದ ತರಿಸುವವರಿಗೆ

ಬ್ಲೂ-ರೇಗೆ ಮೂರು ವಲಯ. ಅಮೆರಿಕ ಎ, ಯುರೋಪ್ ಮತ್ತು ಆಸ್ಟ್ರೇಲಿಯಾ ಬಿ, ನಾವು ಸಿ. ನ್ಯೂಜೆರ್ಸಿಯ ಅಕ್ಕ ಪ್ರೀತಿಯಿಂದ ತಂದುಕೊಟ್ಟ ಎ ವಲಯದ ಡಿಸ್ಕ್ ಮೈಸೂರಿನ ಪ್ಲೇಯರಿನಲ್ಲಿ ಓಡದೆ ಇರಬಹುದು. ವಲಯದ ಬೀಗ ಹಾಕದ ಡಿಸ್ಕ್‌ಗಳೂ ಬಹಳ ಇವೆ, ಕೊಳ್ಳುವ ಮೊದಲು ಡಬ್ಬಿ ಹಿಂದಿನ ವಲಯದ ಗುರುತು ನೋಡಲು ಹೇಳಿ. ಡಿವಿಡಿಯಲ್ಲಿ ನಮ್ಮದು 5ನೇ ವಲಯ. ಇಲ್ಲಿಂದ ಅಲ್ಲಿಗೆ ಕನ್ನಡ ಡಿವಿಡಿ ಒಯ್ಯುವವರಿಗೆ ಪ್ಯಾಲ್ ತೊಂದರೆ, ಅಲ್ಲಿನ ಎಷ್ಟೋ ಪ್ಲೇಯರ್ ಅದನ್ನು ಓಡಿಸುವುದಿಲ್ಲ.

ಮತ್ತೆ, "ಎಚ್‌ಡಿ ಡಿವಿಡಿ" ಅಂತ ಬರೆದ ಡಿಸ್ಕ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ. ಅದು 2006ರಲ್ಲಿ ಬ್ಲೂ-ರೇಗೆ ಎದುರಾಗಿ ಬಂದ ಬೇರೆಯೇ ಜಾತಿ. ಅದನ್ನು ಮುಂದೆ ನಿಂತು ತಂದ ತೋಷಿಬಾ ಕಂಪನಿ 2008ರ ಫೆಬ್ರುವರಿಯಲ್ಲಿ ಕೈ ಎತ್ತಿತು. ಬ್ಲೂ-ರೇ ಪ್ಲೇಯರ್ ಅದನ್ನು ಓದುವುದಿಲ್ಲ.

ಹಾಗಾದರೆ ಏನು ಕೊಳ್ಳುವುದು

ಟಿವಿ 32 ಇಂಚು, ಕೂರುವುದು ಹತ್ತು ಅಡಿ ಆಚೆ ಅನ್ನುವವರು ಏನೂ ಕೊಳ್ಳಬೇಡಿ, ಎಚ್‌ಡಿಎಂಐ ಇರುವ ಡಿವಿಡಿ ಪ್ಲೇಯರ್ ಇದ್ದರೆ ಸಾಕು. 50 ಇಂಚಿನ ಮೇಲೆ ಟಿವಿ ಇದ್ದು ಎಂಟು ಅಡಿ ಒಳಗೆ ಕೂರುವವರು, ಕೈಯಲ್ಲಿ ಬರೀ ಡಿವಿಡಿ ಇದ್ದರೂ ಬ್ಲೂ-ರೇ ಪ್ಲೇಯರ್ ಕೊಳ್ಳಿ ಅಂತಲೇ ನನ್ನ ಸಲಹೆ. ಅದರಲ್ಲಿ ಡಿವಿಡಿಯೂ ಓಡುತ್ತದೆ, ಹಿಗ್ಗಿಸುವ ಕೆಲಸವನ್ನೂ ಅಗ್ಗದ ಟಿವಿಗಿಂತ ಚೆನ್ನಾಗಿ ಮಾಡುವುದುಂಟು. ಟಿವಿಯಲ್ಲೇ ಹಿಗ್ಗಿಸಿ ನೋಡಿ, ಪ್ಲೇಯರಿನಲ್ಲಿ ಹಿಗ್ಗಿಸಿ ನೋಡಿ, ಯಾವುದು ಚೆನ್ನಾಗಿದೆಯೋ ಅದನ್ನು ಇಟ್ಟುಕೊಳ್ಳಿ. ವಿಸಿಡಿ ರಾಶಿ ಇರುವವರು ಮಾತ್ರ ವಿಚಾರಿಸಿಯೇ ಕೊಳ್ಳಬೇಕು, ಎಷ್ಟೋ ಬ್ಲೂ-ರೇ ಪ್ಲೇಯರ್ ವಿಸಿಡಿಯನ್ನು ಮುಟ್ಟುವುದಿಲ್ಲ. ಒಪ್ಪೋ ಕಂಪನಿ 2018ರಲ್ಲಿ, ಅಮೆರಿಕದಲ್ಲಿ ಸ್ಯಾಮ್‌ಸಂಗ್ 2019ರಲ್ಲಿ ಪ್ಲೇಯರ್ ವ್ಯಾಪಾರದಿಂದ ಹಿಂದೆ ಸರಿದವು, ಹಾಗಾಗಿ ಆಯ್ಕೆ ಕಮ್ಮಿಯಾಗುತ್ತಿದೆ. ಮನೆಯಲ್ಲಿ ಮಕ್ಕಳು ಗೇಮ್ ಆಡುವ ಪ್ಲೇಸ್ಟೇಷನ್, ಅಂದರೆ ಪಿಎಸ್3 ಅಥವಾ ಪಿಎಸ್4 ಬಿದ್ದಿದ್ದರೆ ಅದೇ ಬ್ಲೂ-ರೇ ಪ್ಲೇಯರ್, ಇನ್ನೊಂದು ಬೇಡ.

4ಕೆ ಡಿಸ್ಕ್ 2016ರಿಂದ ಇದೆ. ಅದಕ್ಕೆ ಪ್ಲೇಯರ್ ಬೇರೆ ಬೇಕು, ಪಿಎಸ್4ನಲ್ಲಿ ಓಡುವುದಿಲ್ಲ, ಡಿಸ್ಕ್ ಹಾಕುವ ಪಿಎಸ್5ನಲ್ಲಿ ಓಡುತ್ತದೆ. ವಲಯದ ತಲೆನೋವಿಲ್ಲ. ಅದರ ಲಾಭ ಚುಕ್ಕೆಗಿಂತ ಎಚ್‌ಡಿಆರ್‌ನಲ್ಲಿ, ಅಂದರೆ ದೀಪ ದೀಪದ ಹಾಗೆ ಉರಿಯುವುದರಲ್ಲಿ. ಟಿವಿಗೆ ಅಷ್ಟು ಬೆಳಕಿನ ತಾಕತ್ತಿಲ್ಲದಿದ್ದರೆ ದುಡ್ಡು ದಂಡ.

ಒಟಿಟಿ ಇರುವಾಗ ಇದೆಲ್ಲ ಯಾಕೆ ಅನ್ನುತ್ತೀರಾ? 1080ಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಇಂಟರ್ನೆಟ್ ಸಾಕು ಅಂತ ನೆಟ್‌ಫ್ಲಿಕ್ಸ್ ಹೇಳುತ್ತದೆ. ಬ್ಲೂ-ರೇಯಲ್ಲಿ 20, 30 ಓಡುತ್ತಿರುತ್ತದೆ. ಹಗಲಿನ ದೃಶ್ಯದಲ್ಲಿ ಸಮ ಸಮ, ಕತ್ತಲು ಬಂದಾಗ ಡಿಸ್ಕ್ ಗೆಲ್ಲುತ್ತದೆ. ಒಮ್ಮೆ ನೋಡಿ ಮರೆಯುವ ಸಿನಿಮಾಕ್ಕೆ ಒಟಿಟಿಯೇ ಸರಿ.

ನಾನು ಕೊನೆಗೆ ಪ್ಲೇಯರ್ ಕೊಂಡೆ. ಇನ್ನೂರರಲ್ಲಿ ಹನ್ನೊಂದು ಸಿನಿಮಾವನ್ನು ಮಾತ್ರ ಬ್ಲೂ-ರೇಯಲ್ಲಿ ಮತ್ತೆ ತಂದೆ, ಎಲ್ಲವೂ ವರ್ಷಕ್ಕೊಮ್ಮೆಯಾದರೂ ನೋಡುವಂಥವು. ಮಾವನ ಮನೆಗೆ ಎಚ್‌ಡಿಎಂಐ ವೈರ್ ಒಯ್ದು ಹಾಕಿಕೊಟ್ಟೆ. ಎರಡು ನಿಮಿಷ ನೋಡಿ "ಬಣ್ಣ ಪರವಾಗಿಲ್ಲ ಈಗ" ಅಂದರು. ಈಸಿಚೇರನ್ನು ಐದು ಅಡಿ ಮುಂದೆ ಎಳೆಯೋಣ ಅಂದೆ. ಕಿಟಕಿ ಗಾಳಿ ಅಲ್ಲಿಗೆ ಬರಲ್ಲ ಅಂತ ಒಪ್ಪಲಿಲ್ಲ.